ಬಕಾಸುರನ ಸದ್ದು

ಕೈವಾರಕ್ಕೆ ಹೊಸದಾಗಿ ಬಂದವರು ನಮ್ಮನ್ನು ಎರಡು ಪ್ರಶ್ನೆ ಕೇಳುತ್ತಾರೆ. ತಾತಯ್ಯನವರ ಮಠ ಎಲ್ಲಿ ಎಂಬುದು ಒಂದು. ಬಕಾಸುರನನ್ನು ಭೀಮ ಕೊಂದ ಬೆಟ್ಟ ಯಾವುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ದಾರಿ ತೋರಿಸಿದರೆ ಕೈಮುಗಿದು ಹೋಗುತ್ತಾರೆ. ಎರಡನೆಯದಕ್ಕೆ ಬೆಟ್ಟ ತೋರಿಸಿದರೆ ಒಂದು ಕ್ಷಣ ಅತ್ತ ನೋಡಿ, 'ಇಷ್ಟೇನಾ?' ಎಂಬಂತೆ ನಮ್ಮ ಮುಖ ನೋಡುತ್ತಾರೆ. ತಪ್ಪು ಅವರದಲ್ಲ. ರಾಕ್ಷಸನನ್ನು ಕಣ್ಣಿನಿಂದ ಹುಡುಕಿದರೆ ಯಾವಾಗಲೂ ಹೀಗೇ ಆಗುತ್ತದೆ.

ಮಹಾಭಾರತದ ಏಕಚಕ್ರಪುರ ನಮ್ಮೂರೇ ಎಂಬುದು ಸ್ಥಳಪುರಾಣ. ಇಲ್ಲಿಯ ಭೀಮಲಿಂಗೇಶ್ವರನನ್ನು ಪ್ರತಿಷ್ಠಾಪಿಸಿದವನು ಭೀಮನೇ ಎಂಬುದು ನಂಬಿಕೆ. ನಿಜವೋ ಸುಳ್ಳೋ ಎಂಬ ವಾದ ನನಗೆ ಬೇಡ. ನಾನು ಬಕಾಸುರನನ್ನು ನೋಡಿಲ್ಲ. ಆದರೆ ಕೇಳಿದ್ದೇನೆ. ಅದೂ ಒಂದು ಸಲ ಅಲ್ಲ, ಹಲವು ಸಲ, ನಮ್ಮ ಅಜ್ಜಿಯ ಬಾಯಲ್ಲಿ.

ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಕಥೆ ಹೇಳುತ್ತಿದ್ದ ಅಜ್ಜಿ ಬಕಾಸುರನ ರೂಪವನ್ನು ವರ್ಣಿಸಿದ ನೆನಪು ನನಗಿಲ್ಲ. ಕೋರೆಹಲ್ಲು, ಕೆಂಗಣ್ಣು ಏನೂ ಇಲ್ಲ. ಮೊದಲು ಗಾಡಿ ಬರುತ್ತಿತ್ತು. ಅನ್ನ ತುಂಬಿದ ಗಾಡಿಯ ಅಚ್ಚು 'ಕಿರ್‍ರ್... ಕಿರ್‍ರ್' ಎನ್ನುವುದನ್ನು ಅಜ್ಜಿ ಹಲ್ಲು ಕಚ್ಚಿ ಗಂಟಲಿನಲ್ಲೇ ಹೊರಡಿಸುತ್ತಿದ್ದರು. ಆಮೇಲೆ ಭೀಮ ಗಾಡಿ ನಿಲ್ಲಿಸಿ ತಾನೇ ಉಣ್ಣಲು ಕೂರುತ್ತಿದ್ದ. ಆ ಸೊರ ಸೊರ ಸದ್ದಿಗೆ ನಾವು ನಕ್ಕು ಉರುಳಾಡುತ್ತಿದ್ದೆವು. ನಗು ಇನ್ನೂ ಮುಗಿದಿರುತ್ತಿರಲಿಲ್ಲ, ಅಜ್ಜಿ ಕೈ ಮೇಲೆತ್ತಿ, 'ಶ್... ಕೇಳ್ರೋ' ಎನ್ನುತ್ತಿದ್ದರು. ಆಮೇಲೆ ಏನೂ ಇಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಉಸಿರುಬಿಡುವುದು ಕೇಳುವಷ್ಟು ನಿಶ್ಶಬ್ದ. ಆಗ ಪಕ್ಕದಲ್ಲಿದ್ದ ಮೊರವನ್ನು ಮಗುಚಿ ಮುಷ್ಟಿಯಿಂದ ಮೆಲ್ಲಗೆ ಒಂದು ಗುದ್ದು. ಸ್ವಲ್ಪ ತಡೆದು ಇನ್ನೊಂದು. ಅಷ್ಟೇ. ನಾವು ಮೂರು ಜನ ಮೊಮ್ಮಕ್ಕಳು ಒಂದೇ ಕಂಬಳಿಯೊಳಗೆ ಸೇರಿಬಿಡುತ್ತಿದ್ದೆವು.

ಇದನ್ನೆಲ್ಲ ಈಗ ನೆನೆಯಲು ಕಾರಣ ನಮ್ಮ ಅಕ್ಕನ ಮಗ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಸಿನಿಮಾಗಳಿಗೆ ಸದ್ದು ಜೋಡಿಸುವ ಕೆಲಸ ಅವನದು. ಅಕ್ಕನ ಊರು ನಮ್ಮೂರಿಗೆ ಅಂಟಿಕೊಂಡಂತಿರುವ ಹಳ್ಳಿ. ಅಲ್ಲಿ ಯಾರಾದರೂ ಮಗ ಏನು ಮಾಡ್ತಾನೆ ಎಂದು ಕೇಳಿದರೆ ಅಕ್ಕ, 'ಸಿನಿಮಾದಲ್ಲವನೆ' ಎನ್ನುತ್ತಾಳೆ. 'ಆಕ್ಟಾ?' ಎಂದು ಮುಂದಿನ ಪ್ರಶ್ನೆ ಬರುತ್ತದೆ. 'ಅಲ್ಲ, ಸದ್ದು ಮಾಡ್ತಾನೆ.' ಇದಕ್ಕೆ ಒಬ್ಬರು ಹಿರಿಯರು, 'ಬೇರೆ ಮಕ್ಕಳಿಗೆ ಸದ್ದು ಮಾಡಬೇಡ್ರೋ ಅಂತ ಬೈತೀವಿ, ನಿನ್ನ ಮಗನಿಗೆ ಸದ್ದು ಮಾಡಿದ್ದಕ್ಕೆ ಸಂಬಳ ಕೊಡ್ತಾರಾ?' ಎಂದಿದ್ದರಂತೆ. ಅಕ್ಕ ಅದನ್ನು ನಗುತ್ತಲೇ ಹೇಳಿದಳು. ಆದರೆ ಪೂರ್ತಿ ನಗುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವನು ಹತ್ತು ದಿನ ರಜೆ ಹಾಕಿ ಊರಿಗೆ ಬಂದ. ಹಬ್ಬವಲ್ಲ, ಮದುವೆಯಲ್ಲ. ಕೇಳಿದ್ದಕ್ಕೆ, 'ಕಿವಿಗೆ ರೆಸ್ಟ್ ಬೇಕಂತೆ ಮಾಮ' ಎಂದ. ರಾತ್ರಿ ಮಲಗಿದರೆ ಎರಡೂ ಕಿವಿಯಲ್ಲಿ ಗುಂಯ್ ಎನ್ನುತ್ತದೆಯಂತೆ. ವೈದ್ಯರು, ದೊಡ್ಡ ಸದ್ದಿನಿಂದ ದೂರವಿರಿ ಎಂದಿದ್ದರಂತೆ. ಅವನ ಮೇಜಿನ ಮೇಲೆ ಆಗ ಇದ್ದದ್ದು ಐದು ಭಾಷೆಗಳಲ್ಲಿ ಬರಲಿದ್ದ, ನೀರಿನಂತೆ ಹಣ ಚೆಲ್ಲಿದ್ದ ಒಂದು ಚಿತ್ರ. ಅದರಲ್ಲೊಂದು ದೈತ್ಯ ಮೃಗ. ಅದರ ಘರ್ಜನೆಯನ್ನು ಬೇರೆಯವರು ಆಗಲೇ ಸಿದ್ಧಪಡಿಸಿ ಆಗಿತ್ತು. ಇವನ ಪಾಲಿಗೆ ಬಂದದ್ದು ಅದು ತಿನ್ನುವ ಸದ್ದು. ನಿರ್ದೇಶಕರು ಮೂರು ಸಲ ಕೇಳಿ ಮೂರು ಸಲವೂ, 'ಕೂಗಿದಾಗ ಭಯ ಆಗುತ್ತೆ, ತಿನ್ನುವಾಗ ಆಗ್ತಾ ಇಲ್ಲ' ಎಂದು ವಾಪಸು ಕಳಿಸಿದ್ದರು.

'ಬಕಾಸುರನ ಊರಿಗೇ ಬಂದಿದ್ದೀಯಲ್ಲ, ಕೇಳಿಕೊಂಡು ಹೋಗು' ಎಂದೆ ನಾನು, ತಮಾಷೆಗೆ.

ಆ ಹತ್ತು ದಿನ ಅವನು ನನಗೆ ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು ಸೇರಿ ಈ ವಾರದ ಅಂಕಣ.

ಚಿತ್ರಗಳಿಗೆ ಮಾತು ಬಂದದ್ದೇ ತಡ, ರಾಕ್ಷಸರಿಗೂ ಸದ್ದು ಬೇಕಾಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂದದ್ದು 1934ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1933ರಲ್ಲಿ, ಅಮೆರಿಕದಲ್ಲಿ 'ಕಿಂಗ್ ಕಾಂಗ್' ಬಂತು. ಬೆಟ್ಟದಂಥ ಆ ಗೊರಿಲ್ಲಾ ಹೇಗೆ ಕೂಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅಂಥದೊಂದು ಇರಲೇ ಇಲ್ಲ. ಶಬ್ದ ವಿಭಾಗದ ಮುರ್ರೆ ಸ್ಪಿವ್ಯಾಕ್ ಸಿಂಹ ಮತ್ತು ಹುಲಿಗಳ ಗರ್ಜನೆಯನ್ನು ಮುದ್ರಿಸಿಕೊಂಡು, ಅದನ್ನು ಹಿಂದುಮುಂದಾಗಿ, ನಿಧಾನವಾಗಿ ಓಡಿಸಿದರು. ಕಾಂಗ್ ಎದೆ ಗುದ್ದಿಕೊಳ್ಳುವ ಸದ್ದಿಗೆ ಡ್ರಮ್ಮು, ನೆಲ ಎಲ್ಲ ಬಡಿದು ನೋಡಿದರು, ಸರಿಹೋಗಲಿಲ್ಲ. ಕೊನೆಗೆ ತಮ್ಮ ಸಹಾಯಕನನ್ನು ನಿಲ್ಲಿಸಿ, ಬೆನ್ನಿಗೆ ಮೈಕು ಇಟ್ಟು, ಎದೆಗೆ ಮೆತ್ತನೆಯ ಕೋಲಿನಿಂದ ಬಡಿದರು. ಲೋಕವನ್ನು ನಡುಗಿಸಿದ ಕಾಂಗ್‍ನ ಎದೆ ಒಬ್ಬ ಸಂಬಳದ ಮನುಷ್ಯನ ಎದೆಯಾಗಿತ್ತು.

1954ರಲ್ಲಿ ಜಪಾನಿನ 'ಗಾಡ್ಜಿಲಾ' ಬಂತು. ಆ ಚಿತ್ರದ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ. ಪ್ರಾಣಿಗಳ ಕೂಗುಗಳನ್ನು ಜೋಡಿಸಿ ನೋಡಿದ್ದು ಹಿಡಿಸದೆ, ಆಳೆತ್ತರದ ಡಬಲ್ ಬಾಸ್ ಎಂಬ ತಂತಿವಾದ್ಯವನ್ನು ತರಿಸಿ, ತಂತಿ ಸಡಿಲಿಸಿ, ರಾಳ ಬಳಿದ ಚರ್ಮದ ಕೈಗವಸಿನಿಂದ ಅದನ್ನು ಉಜ್ಜಿಸಿದರು. ಆ ಸದ್ದನ್ನು ನಿಧಾನಗೊಳಿಸಿದಾಗ ಹುಟ್ಟಿದ ಆಕ್ರಂದನ ಇವತ್ತಿಗೂ ಗಾಡ್ಜಿಲಾ ಚಿತ್ರಗಳ ಮೂಲ ಸದ್ದು. 2014ರ ಹಾಲಿವುಡ್ ಚಿತ್ರಕ್ಕೆ ಹೊಸ ಘರ್ಜನೆ ಮಾಡಿದವರೂ ಆ ಹಳೆಯದನ್ನು ಮುಂದಿಟ್ಟುಕೊಂಡೇ ಕೂತರು. ಕೋಣೆಯೊಳಗಿನ ಕೂಗಿಗೂ ಬಯಲಿನ ಕೂಗಿಗೂ ವ್ಯತ್ಯಾಸ ಇರುವುದರಿಂದ, ದೊಡ್ಡ ಸಂಗೀತ ಮೇಳಗಳಲ್ಲಿ ಬಳಸುವ ಸ್ಪೀಕರುಗಳ ಗೋಡೆ ಕಟ್ಟಿ, ಸ್ಟುಡಿಯೋದ ಬಯಲಿನಲ್ಲಿ ಅದನ್ನು ನುಡಿಸಿ ಮತ್ತೆ ಮುದ್ರಿಸಿಕೊಂಡರು.

1993ರ 'ಜುರಾಸಿಕ್ ಪಾರ್ಕ್' ಅನ್ನು ನಮ್ಮ ಕಡೆಯ ಹಳ್ಳಿಗರೂ ಲಾರಿ ಹತ್ತಿ ಹೋಗಿ ನೋಡಿದ್ದುಂಟು. ಅದರ ಸದ್ದಿನ ಹೊಣೆ ಗ್ಯಾರಿ ರೈಡ್‍ಸ್ಟ್ರಾಮ್ ಅವರದು. ದೊಡ್ಡ ಡೈನೊಸಾರ್ ಟಿ-ರೆಕ್ಸ್‌ನ ಕೂಗಿನೊಳಗೆ ಆನೆಮರಿಯ ಕೀರಲು, ಹುಲಿಯ ಗುರುಗುಟ್ಟು, ಮೊಸಳೆಯ ಗಂಟಲ ಗೊಳಗೊಳ ಎಲ್ಲ ಇವೆ. ಅದರ ಉಸಿರು ತಿಮಿಂಗಿಲದ್ದು. ಅದು ಬೇಟೆಯನ್ನು ಕಚ್ಚಿ ಜಾಡಿಸುವ ಸದ್ದಿಗೆ ರೈಡ್‍ಸ್ಟ್ರಾಮ್ ಸಾಕಿದ್ದ ಪುಟ್ಟ ನಾಯಿ ಹಗ್ಗ ಕಚ್ಚಿ ಆಡುವುದನ್ನೇ ಬಳಸಿಕೊಂಡರು. ಚಿಕ್ಕ ಡೈನೊಸಾರುಗಳು ಪರಸ್ಪರ ಕೂಗಿ ಕರೆಯುವುದು ಆಮೆಗಳ ಜೋಡಿಯೊಂದರ ಏಕಾಂತದ ಸದ್ದು. ಇದಕ್ಕಿಂತ ಹೆಚ್ಚು ಕುಟುಂಬದವರು ಓದುವ ಪುರವಣಿಯಲ್ಲಿ ಬರೆಯಲಾಗದು. ಆ ಚಿತ್ರಕ್ಕೆ ಬಂದ ಮೂರು ಆಸ್ಕರ್‌ಗಳಲ್ಲಿ ಎರಡು ಸದ್ದಿಗೇ ಬಂದವು.

ಇದನ್ನೆಲ್ಲ ಕೇಳುತ್ತಿದ್ದಂತೆ ನನಗೆ ಹೊಳೆದದ್ದು ಇಷ್ಟು. ರಾಕ್ಷಸನ ಸದ್ದು ಯಾರೂ ರಾಕ್ಷಸನಿಂದ ತರುವುದಿಲ್ಲ. ಅದು ಮನೆಯ ನಾಯಿ, ಸಹಾಯಕನ ಎದೆ, ಒಂದು ತಂತಿ, ಒಂದು ಕೈಗವಸು, ಒಂದು ಮೊರ. ಹತ್ತಿರದ, ಸಣ್ಣ, ನಿರುಪದ್ರವಿ ವಸ್ತು. ಅದನ್ನು ಗಮನವಿಟ್ಟು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಬೇಕು, ಅಷ್ಟೇ.

ನಿಧಾನ ಮಾಡಿದರೆ ಭಯ ಏಕೆ ಹುಟ್ಟುತ್ತದೆ? ಇದಕ್ಕೆ ಕಾರಣ ಸರಳ. ಮುದ್ರಿಸಿದ ಸದ್ದನ್ನು ಅರ್ಧ ವೇಗದಲ್ಲಿ ಓಡಿಸಿದರೆ ಅದರ ಶ್ರುತಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ದೊಡ್ಡ ವಸ್ತು ನಿಧಾನವಾಗಿ ಕಂಪಿಸುತ್ತದೆ, ಹಾಗಾಗಿ ಅದರ ದನಿ ತಗ್ಗು. ಕಂಜಿರಕ್ಕೂ ಡೊಳ್ಳಿಗೂ ಇರುವ ಅಂತರ ಇದೇ. ನಾಯಿ ಹೆದರಿದಾಗ ಕುಂಯ್‍ಗುಟ್ಟುತ್ತದೆ, ಹೆದರಿಸುವಾಗ ಗುರ್ ಎನ್ನುತ್ತದೆ. ತಗ್ಗು ದನಿ ಎಂದರೆ ದೊಡ್ಡ ಮೈ ಎಂಬ ಲೆಕ್ಕ ನಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತು. ಮನುಷ್ಯನ ಕಿವಿ ಕೇಳುವುದು ಸೆಕೆಂಡಿಗೆ 20 ಕಂಪನದಿಂದ 20 ಸಾವಿರ ಕಂಪನದವರೆಗೆ. ಕೆಳಗಿನ ಅಂಚಿನ ಹತ್ತಿರ ಬಂದಾಗ ಸದ್ದನ್ನು ಕಿವಿ ಕೇಳುವುದಕ್ಕಿಂತ ಎದೆಗೂಡು ಕೇಳುತ್ತದೆ. ಒಳ್ಳೆಯ ಚಿತ್ರಮಂದಿರಗಳಲ್ಲಿ ಆ ಕೆಳಗಿನ ಸದ್ದಿಗೆಂದೇ ಬೇರೆ ಸ್ಪೀಕರು ಇರುತ್ತದೆ.

ಹಾಲಿವುಡ್ಡಿನವರು ಕಂಡುಹಿಡಿದರೆಂದು ನಾವು ಬೆರಗಾಗಬೇಕಿಲ್ಲ. ನಮ್ಮ ಉರುಮೆ ವಾದ್ಯವನ್ನು ನೋಡಿ. ಒಂದು ಕಡೆಯ ಚರ್ಮವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಚರ್ಮ ನರಳುತ್ತದೆ, ಗುರುಗುಟ್ಟುತ್ತದೆ. ಇಫುಕುಬೆ ತಂತಿಯ ಮೇಲೆ ಮಾಡಿದ್ದು ಇದನ್ನೇ. ನಮ್ಮ ಕಡೆಯ ಕೇಳಿಕೆಯಲ್ಲಿ ರಾಕ್ಷಸ ವೇಷ ಒಮ್ಮೆಗೇ ರಂಗಕ್ಕೆ ಬರುವುದಿಲ್ಲ. ಇಬ್ಬರು ಪರದೆ ಹಿಡಿದು ನಿಲ್ಲುತ್ತಾರೆ. ಹಿಂದಿನಿಂದ ಅಬ್ಬರ ಕೇಳುತ್ತದೆ, ಗೆಜ್ಜೆ ಕೇಳುತ್ತದೆ, ದೀವಟಿಗೆಗೆ ರಾಳದ ಪುಡಿ ಎರಚಿದಾಗ ಭುಗ್ಗೆನ್ನುತ್ತದೆ. ಮುಖ ಕಾಣುವ ಮೊದಲೇ ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಸೆರಗಿನಲ್ಲಿರುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಒಂದು ಚರ್ಮ, ಎರಡು ಕಡ್ಡಿಯಲ್ಲಿ ಏನೆಲ್ಲ ನುಡಿಸಬಹುದೆಂದು ತಿಳಿದವರು ನಮ್ಮ ನೆರೆಯಲ್ಲೇ ಇದ್ದಾರೆ. ಕೈವಾರದ ಮಾತಂತೂ ಬೇಡ. ಗುರುಪೂರ್ಣಿಮೆಯ ಸಂಗೀತೋತ್ಸವದಲ್ಲಿ 72 ಗಂಟೆ ಎಡೆಬಿಡದೆ ಹಾಡು ಕೇಳುವ ಊರು ಇದು. ಕಿವಿಗೆ ಬಡತನವಿಲ್ಲ.

ಹುಡುಗ ಬಂದ ಮೂರನೆಯ ರಾತ್ರಿ ಒಂದು ಸಂಗತಿ ನಡೆಯಿತು. ಅಕ್ಕನ ಮನೆಯಲ್ಲಿ ರೇಷ್ಮೆ ಹುಳು ಇತ್ತು. ನಾಲ್ಕನೇ ಜ್ವರ ಎದ್ದ ಹುಳು. ಅರಿಯದವರಿಗೆ ಹೇಳುತ್ತೇನೆ: ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಗೂಡು ಕಟ್ಟುವವರೆಗೆ ಅದಕ್ಕೆ ಬಕಾಸುರನ ಹಸಿವು. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ರಾತ್ರಿ ಎರಡು ಗಂಟೆಗೆ ಹುಡುಗ ಎದ್ದು ಹೊರಗೆ ಬಂದನಂತೆ. ಮಳೆ ಬರುತ್ತಿದೆ ಎಂದುಕೊಂಡನಂತೆ. ಅಂಗಳ ನೋಡಿದರೆ ಒಣಗಿದೆ, ಮೇಲೆ ಚುಕ್ಕಿ ಹೊಳೆಯುತ್ತಿವೆ. ಮಳೆ ಬರುತ್ತಿದ್ದದ್ದು ಹುಳುಮನೆಯೊಳಗಿನಿಂದ.

ರೇಷ್ಮೆ ಮನೆಯಲ್ಲಿ ಬೆಳೆದ ಹುಡುಗ. ಆ ಸದ್ದಿನಲ್ಲೇ ನಿದ್ದೆ ಮಾಡಿ ದೊಡ್ಡವನಾದವನು. ಆದರೆ ಅದನ್ನು ಅವನು ಕೇಳಿಸಿಕೊಂಡದ್ದು ಅವತ್ತೇ. ಬ್ಯಾಗಿನಿಂದ ಮುದ್ರಣ ಯಂತ್ರ ತೆಗೆದ. ಮರುದಿನದಿಂದ ನಾಲ್ಕು ರಾತ್ರಿ ಹುಳುಮನೆಯೇ ಅವನ ಸ್ಟುಡಿಯೋ. ಹಗಲು ಆಗುವುದಿಲ್ಲ, ಟ್ರ್ಯಾಕ್ಟರು, ಟೆಂಪೋ, ದೂರದ ಕ್ವಾರಿ, ಯಾರದೋ ಮೊಬೈಲು. ರಾತ್ರಿ ಎರಡರಿಂದ ನಾಲ್ಕರವರೆಗೆ ಮಾತ್ರ ಊರು ಬಾಯಿ ಮುಚ್ಚಿರುತ್ತದೆ. ಅಕ್ಕ ಸೊಪ್ಪು ಹಾಕುವುದು, ಇವನು ತಟ್ಟೆಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂರುವುದು. 'ಬಳೆ ತೆಗಿಯಮ್ಮ, ಸದ್ದಾಗುತ್ತೆ' ಎಂದನಂತೆ. 'ಬಳೆ ತೆಗೆಯಲ್ಲ ಕಣೋ, ಬೇಕಾದರೆ ಕೈ ಆಡಿಸಲ್ಲ' ಎಂದಳಂತೆ ಅಕ್ಕ. ತಾತಯ್ಯನವರೂ ಒಂದು ಕಾಲಕ್ಕೆ ಬಳೆ ಮಾರುತ್ತಿದ್ದವರೇ ಎಂದು ನೆನಪಿಸಿ ನಾನು ಅಕ್ಕನ ಪರ ವಹಿಸಿದೆ.

ಇಲ್ಲೊಂದು ತಾಂತ್ರಿಕ ಸೂಕ್ಷ್ಮವಿದೆ. ಹುಳು ಸೊಪ್ಪು ಕತ್ತರಿಸುವ ಸದ್ದು ತೀರ ಸಣ್ಣದು, ತೀರ ಎತ್ತರದ್ದು. ನಮ್ಮ ಕಿವಿಗೆ ನಿಲುಕದ, 20 ಸಾವಿರ ಕಂಪನಕ್ಕೂ ಮೇಲಿನ ಪಾಲು ಅದರಲ್ಲಿ ಇರಬಹುದು. ಸಾಮಾನ್ಯ ಮುದ್ರಣದಲ್ಲಿ ಅದು ಸಿಕ್ಕುವುದೇ ಇಲ್ಲ. ಆದರೆ ಸೆಕೆಂಡಿಗೆ 1,92,000 ಸಲ ಸದ್ದಿನ ಅಳತೆ ತೆಗೆದುಕೊಳ್ಳುವ ಯಂತ್ರಗಳು ಈಗ ಬಂದಿವೆ. ತಕ್ಕ ಮೈಕು ಇದ್ದರೆ 96 ಸಾವಿರ ಕಂಪನದವರೆಗೂ ಹಿಡಿಯಬಹುದು. ಹಾಗೆ ಹಿಡಿದದ್ದನ್ನು ನಾಲ್ಕು ಪಟ್ಟು ನಿಧಾನಿಸಿದರೆ ಎರಡು ಸ್ಥಾಯಿ ಇಳಿಯುತ್ತದೆ, ಮೇಲೆಲ್ಲೋ ಅಡಗಿದ್ದದ್ದು ಕೆಳಗಿಳಿದು ಕೇಳತೊಡಗುತ್ತದೆ. ಅವನು ಲ್ಯಾಪ್‍ಟಾಪಿನಲ್ಲಿ ಹಾಗೆ ಇಳಿಸಿ ನನ್ನ ಕಿವಿಗೆ ಹೆಡ್‍ಫೋನು ಹಾಕಿದ. ಮಳೆ ಹೋಗಿತ್ತು. ಸಾವಿರ ದವಡೆಗಳು. ಒಂದು ಒದ್ದೆ ಒದ್ದೆ, ಕಟುಮ್ ಕಟುಮ್, ಆತುರವಿಲ್ಲದ, ಮುಗಿಯದ ಅಗಿತ. ನಾನು ಹೆಡ್‍ಫೋನು ಕಿತ್ತು ಕೆಳಗಿಟ್ಟೆ. ನನಗೆ ಅರವತ್ತು ದಾಟಿದೆ. ಆದರೂ ಕಂಬಳಿ ನೆನಪಾಯಿತು.

'ಘರ್ಜನೆಗೆ ಎಲ್ಲರೂ ಸಿದ್ಧರಾಗಿ ಕೂತಿರ್ತಾರೆ ಮಾಮ. ಇದಕ್ಕೆ ಯಾರೂ ಸಿದ್ಧ ಇರಲ್ಲ' ಎಂದ.

ಪ್ರೇಕ್ಷಕರಾದ ನಮಗೆ ಚಿತ್ರೀಕರಣ ಗೊತ್ತು. ಅದರ ನಂತರ ನಡೆಯುವುದು ಗೊತ್ತಿಲ್ಲ. ಚಿತ್ರೀಕರಣದ ಹೊತ್ತಿನ ಮಾತು ಬಹುಪಾಲು ಚಿತ್ರಗಳಲ್ಲಿ ಉಳಿಯುವುದೇ ಇಲ್ಲ, ನಟರು ಸ್ಟುಡಿಯೋದಲ್ಲಿ ಮತ್ತೆ ಹೇಳುತ್ತಾರೆ. ಆಗ ಮಾತಿನ ಜತೆಗಿದ್ದ ಹೆಜ್ಜೆ, ಬಟ್ಟೆಯ ಸರಬರ, ಲೋಟ ಇಟ್ಟ ಸದ್ದು ಎಲ್ಲ ಹೋಗುತ್ತದೆ. ಒಬ್ಬರು ಪರದೆಯ ಮುಂದೆ ನಿಂತು ಅವೆಲ್ಲವನ್ನೂ ಕೈಕಾಲಿನಿಂದ ಮತ್ತೆ ಹುಟ್ಟಿಸಬೇಕು. ಈ ವಿದ್ಯೆಗೆ ಯೂನಿವರ್ಸಲ್ ಸ್ಟುಡಿಯೋದ ಜಾಕ್ ಫೋಲಿಯ ಹೆಸರೇ ನಿಂತು ಫೋಲಿ ಎನ್ನುತ್ತಾರೆ. ಮೂಳೆ ಮುರಿಯಬೇಕೆಂದರೆ ಮೂಲಂಗಿ ಮುರಿಯುತ್ತಾರೆ. ಆಮೇಲೆ ಊರಿನ ಸದ್ದು, ಕಾಡಿನ ಸದ್ದು, ಮೃಗದ ಸದ್ದು, ಸಂಗೀತ ಎಲ್ಲವನ್ನೂ ಹದವಾಗಿ ಬೆರೆಸಬೇಕು. ಇದು ಕೊನೆಯ ಬೆರಕೆ. ಇಲ್ಲೊಂದು ವಿನೋದವೂ ಇದೆ. ಬೇರೆ ಭಾಷೆಗೆ ಹೋಗುವಾಗ ಬದಲಾಗುವುದು ಮಾತು ಮಾತ್ರ. ಉಳಿದ ಸದ್ದಿನ ಪಟ್ಟಿ ಹಾಗೆಯೇ ಹೋಗುತ್ತದೆ. ಕನ್ನಡದಲ್ಲಿ ಡಬ್ಬಿಂಗ್ ಬೇಕೇ ಬೇಡವೇ ಎಂದು ನಾವು ದಶಕಗಳ ಕಾಲ ಜಗಳವಾಡಿದೆವು. ರಾಕ್ಷಸನ ಕೂಗಿಗೆ ಮಾತ್ರ ಯಾರೂ ಆಕ್ಷೇಪಿಸಲಿಲ್ಲ. ಅವನಿಗೆ ಎಲ್ಲ ಭಾಷೆಯೂ ಒಂದೇ.

ತೊಂದರೆ ಏನೆಂದರೆ, ಸದ್ದಿನವರ ಸರದಿ ಬರುವುದು ಎಲ್ಲರಿಗಿಂತ ಕೊನೆಗೆ. ದೈತ್ಯ ಮೃಗವಿರುವ ಚಿತ್ರದಲ್ಲಿ ಮೃಗ ಕಂಪ್ಯೂಟರಿನಲ್ಲಿ ಹುಟ್ಟಬೇಕು. ಅದು ಸಿದ್ಧವಾಗುವುದು ಬಿಡುಗಡೆ ಇನ್ನೇನು ಬಂತು ಎನ್ನುವಾಗ. ಅಲ್ಲಿಯವರೆಗೆ ಇವರು ಬೂದುಬಣ್ಣದ, ಚರ್ಮವೂ ಕಣ್ಣೂ ಇಲ್ಲದ ಒಂದು ಗೊಂಬೆಯನ್ನು ನೋಡಿಕೊಂಡು ಸದ್ದು ಕಟ್ಟುತ್ತಾರೆ. ಕಟ್ಟಿ ಮುಗಿಸಿದ ಮೇಲೆ ದೃಶ್ಯವನ್ನು ಎರಡು ಸೆಕೆಂಡು ಕತ್ತರಿಸಿದರೆ ನೂರಾರು ತುಣುಕು ಸದ್ದುಗಳನ್ನು ಮತ್ತೆ ಸರಿಸಿ ಕೂರಿಸಬೇಕು. ಬಿಡುಗಡೆಯ ದಿನಾಂಕ ಮಾತ್ರ ಸರಿಯುವುದಿಲ್ಲ. ಬೇರೆಯವರು ಕಳೆದ ದಿನಗಳನ್ನು ಇವರು ನಿದ್ದೆಯಿಂದ ತೀರಿಸುತ್ತಾರೆ.

ಮತ್ತು ಕಿವಿಯಿಂದ. ಚಿತ್ರಮಂದಿರದ ಸದ್ದಿಗೊಂದು ಅಳತೆಗೋಲಿದೆ. ಡಾಲ್ಬಿ ಯಂತ್ರದ ಗುಂಡಿ 7ಕ್ಕೆ ಇದ್ದರೆ ಅದು ಚಿತ್ರವನ್ನು ಬೆರೆಸಿದಾಗ ಇದ್ದ ಪ್ರಮಾಣ; ಲೆಕ್ಕಕ್ಕೆ 85 ಡೆಸಿಬಲ್. ಆದರೆ ಜೋರಾಯಿತೆಂದು ಜನ ದೂರುತ್ತಾರೆ, ಮಾಲೀಕರು 5ಕ್ಕೆ ಇಳಿಸುತ್ತಾರೆ. ಇಳಿಸುತ್ತಾರೆಂದು ಗೊತ್ತಿರುವುದರಿಂದ ಚಿತ್ರದವರು ಮೊದಲೇ ಜೋರಾಗಿ ಬೆರೆಸುತ್ತಾರೆ. ಜೋರಾಗಿದೆಯೆಂದು ಮಾಲೀಕರು ಇನ್ನಷ್ಟು ಇಳಿಸುತ್ತಾರೆ. ಈ ಹಗ್ಗಜಗ್ಗಾಟದ ನಡುವೆ ಸಿಕ್ಕಿಕೊಂಡಿರುವುದು ಆ ಕೋಣೆಯೊಳಗೆ ದಿನಕ್ಕೆ ಹದಿನಾಲ್ಕು ಗಂಟೆ ಕೂರುವ ಹುಡುಗರ ಕಿವಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು, ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು ಎಂಬುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಮೃಗ ಘರ್ಜಿಸುವ ದೃಶ್ಯವನ್ನು ನಾವು ಒಂದು ಸಲ ನೋಡುತ್ತೇವೆ, ಇವರು ನಾನೂರು ಸಲ ನೋಡುತ್ತಾರೆ. ಒಳಗಿವಿಯಲ್ಲಿರುವ ಕೂದಲಿನಂಥ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಸದ್ದು. ಅಂದರೆ ಈ ಹುಡುಗ ಎಚ್ಚರ ತಪ್ಪಿದರೆ ಅವನು ಕಳೆದುಕೊಳ್ಳುವ ಮೊದಲ ಸದ್ದುಗಳಲ್ಲಿ ರೇಷ್ಮೆ ಹುಳು ಸೊಪ್ಪು ತಿನ್ನುವುದೂ ಒಂದು. ಅವನು ಅದನ್ನು ನನಗೆ ಹವಾಮಾನ ವರದಿಯಂತೆ ಹೇಳಿದ. ಅಕ್ಕನಿಗೆ ಹೇಳಬೇಡಿ ಎಂದ.

ಇಂಥವರ ಕೆಲಸಕ್ಕೆ ನಮ್ಮಲ್ಲಿ ಎಷ್ಟು ಗಮನವಿದೆ? ಕನ್ನಡ ಚಿತ್ರಗಳ ಧ್ವನಿಯ ಕೆಲಸ ಬಹುಕಾಲ ಮದರಾಸಿನಲ್ಲೇ ನಡೆಯಿತು. 1980ರ ದಶಕದಲ್ಲಿ ಶಂಕರನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆ ಪರಾವಲಂಬನೆ ಸಾಕೆನಿಸಿ. ಈಗ ಯಂತ್ರಗಳಿಗೆ ಕೊರತೆಯಿಲ್ಲ. ಅರಿವಿಗಿದೆ. 2022ರ ಜುಲೈನಲ್ಲಿ 68ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದಾಗ ಕನ್ನಡದ 'ಡೊಳ್ಳು' ಚಿತ್ರಕ್ಕೆ ಚಿತ್ರೀಕರಣ ಸ್ಥಳದಲ್ಲೇ ಧ್ವನಿ ಹಿಡಿದದ್ದಕ್ಕಾಗಿ ಪ್ರಶಸ್ತಿ ಬಂತು. ಆ ಚಿತ್ರದ ಧ್ವನಿ ವಿನ್ಯಾಸ ಮಾಡಿದ ನಿತಿನ್ ಲೂಕೋಸ್ ಅವರೇ ಇದು ಸ್ಥಳದಲ್ಲಿ ಧ್ವನಿ ಹಿಡಿದ ಚಿತ್ರವಲ್ಲ, ಡಬ್ ಮಾಡಿದ ಚಿತ್ರ ಎಂದು ಬಹಿರಂಗವಾಗಿ ಹೇಳಿದರು. ಆಸ್ಕರ್ ಪಡೆದ ರಸೂಲ್ ಪೂಕುಟ್ಟಿಯವರೂ ದನಿಗೂಡಿಸಿದರು. ಚಿತ್ರ ಒಳ್ಳೆಯದೇ; ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವವನ್ನೂ ಪಡೆಯಿತು. ಆದರೆ ದೇಶದ ದೊಡ್ಡ ಪ್ರಶಸ್ತಿ ಕೊಡುವವರಿಗೇ ಯಾವ ಸದ್ದು ಎಲ್ಲಿ ಹುಟ್ಟಿತೆಂದು ತಿಳಿಯಲಿಲ್ಲವೆಂದರೆ, ಅಕ್ಕನ ಊರಿನ ಹಿರಿಯರನ್ನು ಏನನ್ನುವುದು?

ಅದೇ ವರ್ಷ ಬಂದ 'ಕಾಂತಾರ' ಬೇರೊಂದು ಪಾಠ ಕಲಿಸಿತು. ದೈವವನ್ನು ರಾಕ್ಷಸರ ಸಾಲಿನಲ್ಲಿ ನಿಲ್ಲಿಸುವ ತಪ್ಪು ನಾನು ಮಾಡುವುದಿಲ್ಲ. ಸದ್ದಿನ ಶಕ್ತಿಯ ಮಾತು ಮಾತ್ರ ಹೇಳುತ್ತೇನೆ. ಚಿತ್ರ ನೋಡಿ ಬಂದವರು ಆ ಕೂಗನ್ನು ಬೀದಿಯಲ್ಲಿ ಅನುಕರಿಸತೊಡಗಿದಾಗ ಚಿತ್ರತಂಡವೇ ದಯವಿಟ್ಟು ಹಾಗೆ ಮಾಡಬೇಡಿ, ಅದು ನಂಬಿಕೆಯ ವಿಷಯ ಎಂದು ಕೋರಬೇಕಾಯಿತು. ಕಣ್ಣು ನೋಡಿದ್ದನ್ನು ಅಲ್ಲೇ ಬಿಟ್ಟು ಬರಬಹುದು. ಕಿವಿ ಕೇಳಿದ್ದನ್ನು ಮನೆಗೆ ಹೊತ್ತು ತರುತ್ತದೆ.

ಆ ಐದು ಭಾಷೆಯ ಚಿತ್ರ ಬಿಡುಗಡೆಯಾಯಿತು. ಹುಡುಗನಿಗೆ ಬರಲು ಬಿಡುವಿಲ್ಲ, ಆಗಲೇ ಇನ್ನೊಂದು ಚಿತ್ರದ ಮೇಜಿನ ಮುಂದೆ ಕೂತಿದ್ದ. 'ಹೆಸರು ಬರುತ್ತೇನೋ?' ಎಂದು ಅಕ್ಕ ಫೋನಿನಲ್ಲಿ ಕೇಳಿದ್ದಳು. 'ಬರುತ್ತಮ್ಮ, ಕೊನೇಲಿ' ಎಂದಿದ್ದ. ಅಕ್ಕನನ್ನು ಕರೆದುಕೊಂಡು ನಾನೇ ಹತ್ತಿರದ ಪಟ್ಟಣದ ಒಂದು ಚಿತ್ರಮಂದಿರಕ್ಕೆ ಹೋದೆ. ಅದರ ಹೆಸರು ಬೇಡ. ಎಡಗಡೆಯ ಸ್ಪೀಕರು ಕೆಟ್ಟಿತ್ತು. ಗುಂಡಿ ಎಷ್ಟಕ್ಕೆ ಇಟ್ಟಿದ್ದರೋ, ಪಕ್ಕದವರು ಕುರುಕಲು ತಿನ್ನುವುದೇ ಮೃಗಕ್ಕಿಂತ ಜೋರಾಗಿ ಕೇಳುತ್ತಿತ್ತು. ಮೃಗ ಘರ್ಜಿಸಿದಾಗ ಹುಡುಗರು ಸಿಳ್ಳೆ ಹೊಡೆದರು. ಅಕ್ಕ ಅಲುಗಾಡಲಿಲ್ಲ.

ಮಧ್ಯಂತರದ ನಂತರ ಒಂದು ಗುಹೆಯ ದೃಶ್ಯ. ಕತ್ತಲೆ. ಮಾತಿಲ್ಲ, ಸಂಗೀತವಿಲ್ಲ. ಕುರುಕಲಿನ ಪೊಟ್ಟಣಗಳೂ ತಾವಾಗಿ ಸುಮ್ಮನಾದವು. ಆಗ ಕತ್ತಲೆಯ ಒಳಗಿನಿಂದ ಅದು ಶುರುವಾಯಿತು. ಆತುರವಿಲ್ಲದ, ಮುಗಿಯದ ಅಗಿತ. ಮುಂದಿನ ಸಾಲಿನಲ್ಲಿ ಒಂದು ಮಗು ಅಪ್ಪನ ತೊಡೆಯೇರಿತು. ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಹೆದರಿದಳೆಂದುಕೊಂಡು ತಿರುಗಿ ನೋಡಿದೆ. ನಗುತ್ತಿದ್ದಳು.

'ನಮ್ಮ ಹುಳ ಕಣೋ' ಎಂದಳು, ಕಿವಿಯಲ್ಲಿ.

ಚಿತ್ರ ಮುಗಿಯಿತು. ಹೆಸರುಗಳು ಮೇಲೇರತೊಡಗಿದವು. ನಟರು, ನೃತ್ಯದವರು, ಕಂಪ್ಯೂಟರಿನವರು. ಅಷ್ಟರಲ್ಲಿ ದೀಪ ಹತ್ತಿತು, ಬಾಗಿಲು ತೆರೆಯಿತು, ಜನ ನುಗ್ಗಿದರು. ಅಕ್ಕ ಮಾತ್ರ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ಪರದೆ ನೋಡುತ್ತಿದ್ದಳು. ಹೆಸರುಗಳು ಅರ್ಧಕ್ಕೆ ಬಂದಾಗ ಪರದೆ ಬೆಳ್ಳಗಾಯಿತು. ಮುಂದಿನ ಆಟಕ್ಕೆ ಹೊತ್ತಾಯಿತೆಂದು ನಿಲ್ಲಿಸಿದರು. ಪೊರಕೆ ಹಿಡಿದು ಬಂದಾತ, 'ಮುಗೀತಮ್ಮ, ಹೊರಡಿ' ಎಂದ. ಒರಟಾಗಿ ಹೇಳಲಿಲ್ಲ.

ಬಸ್ಸಿನಲ್ಲಿ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಕೈವಾರ ಕ್ರಾಸ್ ಹತ್ತಿರ ಬಂದಾಗ, 'ಹೆಸರು ಹಾಕದೆ ಹೋದ್ರೂ ಸದ್ದು ಗೊತ್ತಾಯ್ತಲ್ಲ ಬಿಡು' ಎಂದಳು. ಅವಳಿಗೆ ಗೊತ್ತಾಯಿತು, ಸರಿ. ಹುಳು ಸಾಕಿದವಳು. ಉಳಿದ ನಾನೂರು ಜನಕ್ಕೆ?

ಓದುಗರಲ್ಲಿ ನನ್ನದೊಂದು ಸಣ್ಣ ಕೋರಿಕೆ. ಮುಂದಿನ ಸಲ ರಾಕ್ಷಸನ ಚಿತ್ರಕ್ಕೆ ಹೋದಾಗ, ಮುಗಿದ ಮೇಲೆ ನಾಲ್ಕು ನಿಮಿಷ ಕೂತಿರಿ. ಬಸ್ಸು ತಪ್ಪುವುದಿಲ್ಲ. ಎಲ್ಲರೂ ಕೂತರೆ ದೀಪ ಹಾಕುವವರೂ ಸ್ವಲ್ಪ ತಡೆಯುತ್ತಾರೆ. ಸಣ್ಣ ಅಕ್ಷರದಲ್ಲಿ, ಅವಸರದಲ್ಲಿ ಒಂದಷ್ಟು ಹೆಸರು ಹಾದುಹೋಗುತ್ತವೆ. ನಿಮ್ಮನ್ನು ಹೆದರಿಸಿದವರು ಅವರು. ಅವರಲ್ಲಿ ಒಬ್ಬನ ತಾಯಿ ನಿಮ್ಮ ಹಿಂದಿನ ಸಾಲಿನಲ್ಲೇ ನಿಂತಿರಬಹುದು. ನಿಮ್ಮ ತಲೆ ಅಡ್ಡ ಬಾರದಿರಲಿ.